ಖಡ್ಗ ಮುರಿಯಿತೋ, ಒಡೆಯಿತೋ? ಫ್ರಾಸ್ಟ್‌ಮೋರ್ನ್ ಕತೆಗೊಂದು ಕ್ರಿಯಾಪದ ಬೇಕು

ಎಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯಲ್ಲಿ ನಾವು ಮೂರ್ನಾಲ್ಕು ಗೆಳೆಯರು ಸೇರಿ ವಿಡಿಯೋ ಗೇಮ್‌ಗಳ ಹಿಂದಿನ ಕತೆಗಳನ್ನು ಕನ್ನಡದಲ್ಲಿ ಹೇಳಿ ರೆಕಾರ್ಡ್ ಮಾಡುತ್ತಿದ್ದೇವೆ. ಈಗ ಕೈಗೆತ್ತಿಕೊಂಡಿರುವುದು ವಾರ್‌ಕ್ರಾಫ್ಟ್‌ನ ಫ್ರಾಸ್ಟ್‌ಮೋರ್ನ್ ಎಂಬ ಶಾಪದ ಖಡ್ಗದ ಕತೆ. ಕತೆ ಸರಾಗವಾಗಿ ಬಂತು. ಕೊನೆಗೆ ಒಂದು ಕ್ರಿಯಾಪದದ ಹತ್ತಿರ ಜಗಳ ಶುರುವಾಗಿದೆ. ಖಡ್ಗ ಮುರಿಯಿತು ಅನ್ನಬೇಕೋ, ಒಡೆಯಿತು ಅನ್ನಬೇಕೋ?

ಗೇಮ್ ಆಡದವರಿಗೆ ಚುಟುಕಾಗಿ ಕತೆ ಹೇಳ್ತೀನಿ. 2002ರಲ್ಲಿ ಬಂದ ವಾರ್‌ಕ್ರಾಫ್ಟ್ 3ರಲ್ಲಿ ಲಾರ್ಡರಾನ್ ರಾಜ್ಯದ ಯುವರಾಜ ಆರ್ಥಸ್ ತನ್ನ ಜನರನ್ನು ಉಳಿಸಬೇಕೆಂದು ಹಿಮದ ನಾಡಾದ ನಾರ್ತ್‌ರೆಂಡ್‌ಗೆ ಹೋಗಿ ಈ ಖಡ್ಗ ಹುಡುಕುತ್ತಾನೆ. ಹಿಡಿದವನಿಗೆ ಬಲ ಬರುತ್ತದೆ, ಆದರೆ ಆತ್ಮಕ್ಕೆ ಗಾಯವಾಗುತ್ತದೆ ಎಂದು ಪೀಠದ ಮೇಲೇ ಬರೆದಿರುತ್ತದೆ. ಜೊತೆಗಿದ್ದ ಗೆಳೆಯ ಮುರಾಡಿನ್ ಬೇಡ ಅಂದರೂ ಕೇಳುವುದಿಲ್ಲ. ಊರಿಗೆ ವಾಪಸು ಬಂದವನು ಹೆತ್ತ ತಂದೆ ಟೆರೆನಸ್‌ನನ್ನೇ ಕೊಲ್ಲುತ್ತಾನೆ, ಮುಂದೆ ಸತ್ತವರ ಸೈನ್ಯವನ್ನು ಆಳುವ ಲಿಚ್ ಕಿಂಗ್ ಆಗುತ್ತಾನೆ. ಫ್ರಾಸ್ಟ್‌ಮೋರ್ನ್ ತಾನು ಕೊಂದವರ ಆತ್ಮಗಳನ್ನು ನುಂಗಿ ತನ್ನೊಳಗೇ ಇಟ್ಟುಕೊಳ್ಳುತ್ತದೆ. ಇದನ್ನು ನೆನಪಿಡಿ, ನನ್ನ ವಾದ ನಿಂತಿರುವುದೇ ಇದರ ಮೇಲೆ. 2009ರ ಡಿಸೆಂಬರಿನಲ್ಲಿ ಅದೇ ಸರಣಿಯ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಗೇಮ್‌ಗೆ ಲಿಚ್ ಕಿಂಗ್‌ನ ಐಸ್‌ಕ್ರೌನ್ ಕೋಟೆ ಬಂತು. ಅದರ ಕೊನೆಯ ಕಾಳಗದಲ್ಲಿ ಆರ್ಥಸ್‌ನ ಎದುರಾಳಿ ಟಿರಿಯನ್ ಫೋರ್ಡ್ರಿಂಗ್ ಮಂಜುಗಡ್ಡೆಯ ಸೆರೆಯಿಂದ ಬಿಡಿಸಿಕೊಂಡು, ಆಶ್‌ಬ್ರಿಂಗರ್ ಎಂಬ ಖಡ್ಗದಿಂದ ಫ್ರಾಸ್ಟ್‌ಮೋರ್ನ್‌ಗೆ ಒಂದೇ ಏಟು ಹಾಕುತ್ತಾನೆ. ಅದು ಚೂರುಚೂರಾಗುತ್ತದೆ. ಒಳಗಿದ್ದ ಆತ್ಮಗಳು ಹೊರಗೆ ನುಗ್ಗುತ್ತವೆ, ಟೆರೆನಸ್‌ನದೂ ಸೇರಿ.

ಖಡ್ಗ ಯಾಕೆ, ಕತ್ತಿ ಅನ್ನಬಾರದಾ ಅಂತ ಕೇಳಬೇಡಿ. ಬರೆಯಲಿಕ್ಕೆ ಕತ್ತಿ ಚೆನ್ನಾಗಿಯೇ ಇದೆ. ಆದರೆ ನಮ್ಮ ಕಡೆ ಮಾತಿನಲ್ಲಿ ಕತ್ತೆಯೂ 'ಕತ್ತಿ'ಯೇ. 'ಶಾಪದ ಕತ್ತಿ ಮಾತಾಡಿತು' ಅಂತ ಗಂಭೀರವಾಗಿ ಓದಿದಾಗ ಕೋಣೆಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅವತ್ತೇ ಖಡ್ಗ ಖಾಯಂ ಆಯ್ತು. ತಲವಾರ ಕೂಡ ನಡೆಯುತ್ತದೆ.

ಈಗ ಜಗಳದ ವಿಷಯ. ನನ್ನ ಗೆಳೆಯ 'ಮುರಿಯಿತು' ಕಡೆ. ಟೊಂಗೆ ಮುರಿಯುತ್ತದೆ, ಕೊಡಲಿ ಕಾವು ಮುರಿಯುತ್ತದೆ, ಕಾಲು ಮುರಿಯುತ್ತದೆ. ಉದ್ದಕ್ಕಿರುವ ಗಟ್ಟಿ ವಸ್ತುವಿಗೆಲ್ಲ ಮುರಿ ಅಂತಲೇ ಅನ್ನೋದು, ಖಡ್ಗ ಏನು ಗಡಿಗೆಯಾ ಒಡೆಯಲಿಕ್ಕೆ ಅಂತಾನೆ. ಮೇಲಾಗಿ ಅಲ್ಲಿ ಸೋಲುವವನು ಆರ್ಥಸ್. 'ಸೊಕ್ಕು ಮುರಿದ' ಅನ್ನುವ ದನಿ ಆ ಜಾಗಕ್ಕೆ ಬೇಕು ಅನ್ನುವುದೂ ಅವನ ವಾದ. ಸುಮ್ನೆ ತಳ್ಳಿಹಾಕುವ ಮಾತಲ್ಲ ಇದು.

ಆದರೂ ನನಗೆ 'ಒಡೆಯಿತು' ಬೇಕು. ಖಡ್ಗ ಮುರಿಯಿತು ಅಂದ ಕೂಡಲೇ ಕಣ್ಣಿಗೆ ಬರೋದು ಎರಡು ತುಂಡು. ಹಿಡಿ ಕೈಯಲ್ಲಿ, ತುದಿ ನೆಲದಲ್ಲಿ. ಇಲ್ಲಿ ಹಾಗಾಗುವುದಿಲ್ಲ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಗಡಿಗೆ ಒಡೆದರೆ ನೀರು ಹರಿಯುತ್ತದೆ. ತತ್ತಿ ಒಡೆದರೆ ಒಳಗಿನ ಲೋಳೆ ಹೊರಗೆ. ಗುಟ್ಟು ಒಡೆಯುವುದೂ ಹಾಗೆಯೇ. ಮಳೆಗಾಲದಲ್ಲಿ 'ಕೆರಿ ಒಡದೈತಿ' ಅಂತ ಯಾರಾದರೂ ಕೂಗಿದರೆ ನಾವು ನೆನೆಯುವುದು ನುಗ್ಗಿ ಬರುವ ನೀರನ್ನು, ಕುಸಿದ ಏರಿಯ ಮಣ್ಣನ್ನಲ್ಲ. ಒಳಗೆ ಕೂಡಿಟ್ಟದ್ದು ಹೊರಗೆ ಬೀಳುವ ಕಡೆಯೆಲ್ಲ ಕನ್ನಡ 'ಒಡೆ' ಅನ್ನುತ್ತದೆ. ಟೆರೆನಸ್ ಆ ಖಡ್ಗದ ಒಳಗಿದ್ದ. ಮುರಿದ ಖಡ್ಗದಿಂದ ಅವನು ಹೊರಬರುವುದು ಹೇಗೆ? ಮೊಬೈಲ್ ಸ್ಕ್ರೀನೂ ಒಡೆಯುತ್ತದೆ, ಅದರಿಂದ ಯಾರು ಹೊರಗೆ ಬರ್ತಾರೆ ಅಂತ ಗೆಳೆಯ ಕೇಳಿದ. ಅಲ್ಲಿ ಚೂರು ಉಂಟಲ್ಲ ಅಂದೆ. ಫ್ರಾಸ್ಟ್‌ಮೋರ್ನ್‌ಗೆ ಚೂರಾಗುವುದೂ ಹೊಂದುತ್ತದೆ, ಒಳಗಿದ್ದದ್ದು ಹೊರಬರುವುದೂ ಹೊಂದುತ್ತದೆ.

ಲಿಚ್ ಕಿಂಗ್‌ನ ಶಿರಸ್ತ್ರಾಣದ ಬಗ್ಗೆ ಜಗಳವೇ ಇಲ್ಲ. ಅದೇ ಗೇಮ್‌ನ 2020ರ ಕಂತು ಶ್ಯಾಡೋಲ್ಯಾಂಡ್ಸ್ ಹೊತ್ತಿಗೆ ಸಿಲ್ವಾನಸ್ ಎಂಬವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಎರಡು ಹೋಳು ಮಾಡುತ್ತಾಳೆ. 'ಸೀಳಿದಳು' ಸಾಕು. ಜರಾಸಂಧನ ಕತೆ ಕೇಳಿದವರಿಗೆ ಬೇರೆ ವಿವರಣೆ ಬೇಡ.

ಎರಡನೆಯ ಪ್ರಶ್ನೆ ಕಂಬಾರರ ಮಾತು ಬಲ್ಲವರಿಗೆ. 2016ರ ಲೀಜನ್ ಎಂಬ ಕಂತಿನಲ್ಲಿ ಫ್ರಾಸ್ಟ್‌ಮೋರ್ನ್‌ನ ಚೂರುಗಳಿಂದ ಎರಡು ಹೊಸ ಖಡ್ಗ ಹುಟ್ಟುತ್ತವೆ, ಬೇರೆ ಹೆಸರಿನಲ್ಲಿ. ಹಳೆಯದು ಮೊದಲಿನಂತೆ ಆಗಲಿಲ್ಲ, ಹಾಗಾಗಿ ರಿಪೇರಿ ಅಲ್ಲ. ಬೆಸುಗೆ ಅಂದರೆ ಬರೀ ಜೋಡಣೆ. ಎರಕ ಅಂದರೆ ಅಚ್ಚಿಗೆ ಹೊಯ್ದಂತೆ. 'ಹಣಿಸು' ಅಂತ ಒಬ್ಬರು ಹೇಳಿದರು. ಆದರೆ ನೇಗಿಲಿನ ಕುಡ ಹಣಿಸುವುದೆಂದರೆ ಸವೆದ ಕುಡವನ್ನು ಕಾಯಿಸಿ, ಬಡಿದು, ಮತ್ತೆ ಮೊನೆ ಮಾಡುವುದು. ಮನೆಗೆ ಬರುವುದು ಅದೇ ಕುಡ. ಸದ್ಯ 'ಚೂರು ಕೂಡಿಸಿ, ಕಾಯಿಸಿ, ಬಡಿದು ಮಾಡಿದರು' ಅಂತ ಉದ್ದಕ್ಕೆ ಬರೆದಿದ್ದೇವೆ. ಒಂದೇ ಮಾತಿನಲ್ಲಿ ಆದರೆ ಚೆಂದ.

ಮೂರನೆಯದು ಟಿರಿಯನ್‌ನ ಆಶ್‌ಬ್ರಿಂಗರ್‌ದು. ಸಾರ್ಗೆರಸ್ ಎಂಬ ದೈತ್ಯ ಸಿಲಿಥಸ್ ಎಂಬಲ್ಲಿ ತನ್ನ ಭಾರೀ ಖಡ್ಗವನ್ನು ನೆಲಕ್ಕೆ ಚುಚ್ಚಿರುತ್ತಾನೆ. 2018ರಲ್ಲಿ ಅದರ ವಿಷಶಕ್ತಿಯನ್ನು ಹೀರಿಕೊಳ್ಳಲು ಹೋಗಿ ಆಶ್‌ಬ್ರಿಂಗರ್ ಮತ್ತು ಅಂಥ ಆಯುಧಗಳೆಲ್ಲ ತಮ್ಮ ಬಲ ಕಳೆದುಕೊಳ್ಳುತ್ತವೆ. ಮುರಿಯಲಿಲ್ಲ, ಒಡೆಯಲಿಲ್ಲ, ಮೊಂಡೂ ಆಗಲಿಲ್ಲ. ಕೃಷ್ಣ ಹೋದ ಮೇಲೆ ಅರ್ಜುನನ ಗಾಂಡೀವಕ್ಕೂ ಹೀಗೇ ಆಗುತ್ತದೆ. ಬಿಲ್ಲು ಕೈಯಲ್ಲೇ ಇದೆ, ಹೆದೆ ಏರಿಸಲು ಒದ್ದಾಡುತ್ತಾನೆ, ದಿವ್ಯಾಸ್ತ್ರಗಳು ನೆನಪಿಗೇ ಬರುವುದಿಲ್ಲ. ನಮ್ಮ ಗದುಗಿನ ನಾರಣಪ್ಪನನ್ನು ಕೇಳೋಣ ಅಂದರೆ ಅವನ ಭಾರತ ಹತ್ತೇ ಪರ್ವ, ಗದಾಪರ್ವಕ್ಕೆ ಮುಗಿಯುತ್ತದೆ. ಗಾಂಡೀವದ ಕೊನೆ ಅಲ್ಲಿಲ್ಲ. 'ಕಳೆ ಹೋಯಿತು' ಅಂತ ಬರೆದು ನೋಡಿದೆ, ಮುಖಕ್ಕೆ ಹೇಳಿದ ಹಾಗಾಯ್ತು. 'ಸತ್ವ ಹೋಯಿತು' ಅನ್ನುವುದು ಹೊಲಕ್ಕೆ ಹೆಚ್ಚು ಒಪ್ಪುತ್ತದೆ ಅನಿಸುತ್ತದೆ, ಅಲ್ವಾ?

'ಒಡೆಯಿತು' ಬಗ್ಗೆ ನಾನು ಗಟ್ಟಿಯಾಗಿದ್ದೇನೆ, ಬೇರೆ ಅಭಿಪ್ರಾಯ ಇದ್ದರೆ ಉದಾಹರಣೆ ಸಮೇತ ಬೈಯಿರಿ. ಉಳಿದ ಎರಡಕ್ಕೆ ಪದ ಬೇಕೇ ಬೇಕು. ರಾಣೆಬೆನ್ನೂರು, ರೋಣ, ಮುಂಡರಗಿ ಕಡೆಯವರು ನಿಮ್ಮೂರಿನ ಕಂಬಾರರನ್ನು ಒಂದು ಮಾತು ಕೇಳಿ ನೋಡಿ: ನಾಲ್ಕು ಹಳೇ ಕಬ್ಬಿಣದ ತುಂಡು ಕೂಡಿಸಿ ಹೊಸ ಕೊಡಲಿ ಮಾಡುವುದಕ್ಕೆ ಅವರು ಏನಂತಾರೆ? ಅವರು ಹೇಳಿದ್ದನ್ನು ತಿದ್ದದೆ ಹಾಗೇ ಬರೆಯಿರಿ, ಊರಿನ ಹೆಸರೂ ಇರಲಿ.