ಚಿತ್ರವನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೊರಟರೆ ಸಾಮಾನಿನ ಪಟ್ಟಿಯಾಗುತ್ತದೆ, ಸರಿಪಡಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ತೀರ್ಥಹಳ್ಳಿಯ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಈಗ ಶಿವಮೊಗ್ಗದಲ್ಲಿ ಪದವಿಯ ಕೊನೆಯ ವರ್ಷದಲ್ಲಿದ್ದು, ಡ್ಯುಯೊಲಿಂಗೊ ಇಂಗ್ಲಿಷ್ ಪರೀಕ್ಷೆಗೆ ಸಿದ್ಧಳಾಗುತ್ತಿದ್ದೇನೆ. ಅದರಲ್ಲಿ ಒಂದು ಚಿತ್ರ ಕೊಟ್ಟು 1 ನಿಮಿಷದಲ್ಲಿ ಅದರ ಬಗ್ಗೆ ಬರೆಯಿಸುತ್ತಾರೆ. ಇನ್ನೊಂದು ಭಾಗದಲ್ಲಿ ಚಿತ್ರ ನೋಡಿ 20 ಸೆಕೆಂಡು ಯೋಚಿಸಿ, ಹೆಚ್ಚೆಂದರೆ 90 ಸೆಕೆಂಡು ಮಾತನಾಡಬೇಕು.

ಅಭ್ಯಾಸಕ್ಕೆಂದು ನಮ್ಮ ಮನೆಯ ಅಡಿಕೆ ಸುಲಿತದ ಒಂದು ಫೋಟೋ ಇಟ್ಟುಕೊಂಡೆ. ರಾತ್ರಿಯ ಹೊತ್ತು, ಅಂಗಳದಲ್ಲಿ ಬಲ್ಬಿನ ಕೆಳಗೆ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದಾರೆ. ಹಿಂದೆ ಅಡಿಕೆ ಬೇಯಿಸುವ ಹಂಡೆಯಿಂದ ಹಬೆ ಏಳುತ್ತಿದೆ. ನಾನು ಬರೆದದ್ದು ಹೀಗಿತ್ತು: 'ದೇರ್ ಆರ್ ಸಮ್ ವಿಮೆನ್. ದೇರ್ ಈಸ್ ಎ ಬಲ್ಬ್. ಬ್ಯಾಸ್ಕೆಟ್ಸ್ ಆರ್ ಕೆಪ್ಟ್. ಒನ್ ವುಮನ್ ಹ್ಯಾಸ್ ವೋರ್ನ್ ಎ ಶಾಲ್.' ಅಲ್ಲಿಗೆ ಮಾತು ಮುಗಿಯಿತು. ಮೆಟ್ಟುಗತ್ತಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕೆಂದು ಯೋಚಿಸುವಷ್ಟರಲ್ಲಿ ಸಮಯವೂ ತೀರಿತು. ಇದನ್ನು ಸುಧಾರಿಸುವ ದಾರಿಯನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಹೊಸನಗರದ ಇಂಜಿನಿಯರ್

ನಾನು ಬರೆದದ್ದು ಪಿಟಿಇ ಅಕಾಡೆಮಿಕ್ ಎಂಬ ಇನ್ನೊಂದು ಇಂಗ್ಲಿಷ್ ಪರೀಕ್ಷೆ. ಅಲ್ಲಿ ಚಿತ್ರ ವಿವರಿಸಲು 25 ಸೆಕೆಂಡು ಸಿದ್ಧತೆಗೆ, 40 ಸೆಕೆಂಡು ಮಾತಿಗೆ. ಕೋಚಿಂಗಿನಲ್ಲಿ ಒಂದು ಅಚ್ಚು ಕಲಿಸಿಕೊಟ್ಟಿದ್ದರು: ಮೊದಲು ಇಡೀ ಚಿತ್ರದ ಬಗ್ಗೆ ಒಂದು ವಾಕ್ಯ, ನಂತರ ಎರಡು ಮುಖ್ಯ ಅಂಶಗಳು, ಕೊನೆಗೊಂದು ತೀರ್ಮಾನ. ಗಾಬರಿಯಾದಾಗ ಬಾಯಿ ಕಟ್ಟದಂತೆ ಅದು ಕಾಪಾಡುತ್ತದೆ. ನೀವೂ ಅಂಥ ನಾಲ್ಕು ವಾಕ್ಯಗಳನ್ನು ಬಾಯಿಪಾಠ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಉತ್ತರ: ಸಾಗರದ ನಿವೃತ್ತ ಇಂಗ್ಲಿಷ್ ಉಪನ್ಯಾಸಕ

ಇಂಜಿನಿಯರ್ ಅವರ ಸಲಹೆಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಪಿಟಿಇಯಲ್ಲಿ ನಕ್ಷೆ, ಗ್ರಾಫ್‌ಗಳೇ ಹೆಚ್ಚಾಗಿ ಬರುವುದರಿಂದ ಅಲ್ಲಿ ಅಚ್ಚು ನಡೆಯುತ್ತದೆ. ಜನರಿರುವ ಚಿತ್ರಕ್ಕೆ ಅದೇ ಅಚ್ಚನ್ನು ಹಾಕಿದರೆ ಜೋಗದ ಚಿತ್ರಕ್ಕೂ ಬಸ್‌ ಸ್ಟ್ಯಾಂಡಿನ ಚಿತ್ರಕ್ಕೂ ವ್ಯತ್ಯಾಸವೇ ಉಳಿಯದು.

ತಂಗಿ, ನಿಮ್ಮ ವಾಕ್ಯಗಳು ಪಟ್ಟಿಯಾಗಿರುವುದಕ್ಕೆ ಕಾರಣ ಇಂಗ್ಲಿಷಿನ ಕೊರತೆಯಲ್ಲ. ಆ ಚಿತ್ರದಲ್ಲಿ ಮುಖ್ಯವಾಗಿ ನಡೆಯುತ್ತಿರುವುದು ಏನು ಎಂಬುದನ್ನು ನೀವು ಮೊದಲು ತೀರ್ಮಾನಿಸಿಲ್ಲ, ಅಷ್ಟೆ. ಅಲ್ಲಿ ನಡೆಯುತ್ತಿರುವುದು ಅಡಿಕೆ ಸುಲಿತ. ಅದನ್ನು ಮೊದಲ ವಾಕ್ಯದಲ್ಲೇ ಹೇಳಿಬಿಟ್ಟರೆ ಬಲ್ಬು, ಬುಟ್ಟಿ, ಹಂಡೆ, ಶಾಲು ಎಲ್ಲವೂ ಆ ಕೆಲಸಕ್ಕೆ ಸಂಬಂಧಪಟ್ಟು ತಾವಾಗಿಯೇ ಸಾಲಿಗೆ ಬರುತ್ತವೆ: ಬೆಳಕು ಎಲ್ಲಿಂದ ಬೀಳುತ್ತಿದೆ, ಸುಲಿದದ್ದು ಎಲ್ಲಿ ತುಂಬುತ್ತಿದೆ, ಶಾಲು ಹೊದೆಯುವಷ್ಟು ಚಳಿ ಏಕೆ ಎಂದು.

ವ್ಯಾಕರಣದಲ್ಲಿ ಕನ್ನಡಿಗರು ಎಡವುವ ಜಾಗ ಬೇರೆಯೇ ಇದೆ. ನಾವು 'ಶಾಲು ಹೊದ್ದಿದ್ದಾಳೆ', 'ಸೀರೆ ಉಟ್ಟಿದ್ದಾಳೆ' ಎಂದು, ಮುಗಿದ ಕ್ರಿಯೆಯ ರೂಪದಲ್ಲಿ ಈಗಿನ ಸ್ಥಿತಿಯನ್ನು ಹೇಳುತ್ತೇವೆ; ಅದರ ನೆರಳಲ್ಲೇ 'ಹ್ಯಾಸ್ ವೋರ್ನ್' ಹುಟ್ಟುತ್ತದೆ. ಇಂಗ್ಲಿಷ್ ಅಲ್ಲಿ 'ಈಸ್ ವೇರಿಂಗ್' ಎನ್ನುತ್ತದೆ. 'ಇಡಲಾಗಿದೆ' ಎಂಬುದರಿಂದ ಬಂದ 'ಆರ್ ಕೆಪ್ಟ್' ಕೂಡ ಬೇಕಿಲ್ಲ, 'ದೇರ್ ಆರ್ ಬ್ಯಾಸ್ಕೆಟ್ಸ್ ಬಿಸೈಡ್ ದೆಮ್' ಸಾಕು. ಹಾಗೆಂದು ಎಲ್ಲ ಕ್ರಿಯಾಪದಕ್ಕೂ 'ಇಂಗ್' ಅಂಟಿಸಲು ಹೋಗಬೇಡಿ. 'ಶೀ ಈಸ್ ಹ್ಯಾವಿಂಗ್ ಗ್ರೇ ಹೇರ್' ಎಂಬುದು ನಮ್ಮ ತರಗತಿಗಳ ಚಿರಂಜೀವಿ ತಪ್ಪು; ಅಲ್ಲಿ 'ಶೀ ಹ್ಯಾಸ್' ಸಾಕು.

ಕಾಣದ್ದನ್ನು ಊಹಿಸಿ ಹೇಳುವುದೇ ಅಂಕ ತರುವ ಭಾಗವೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಬರಿಯ ಹೆಸರುಗಳ ಪಟ್ಟಿಯಲ್ಲಿ ಭಾಷೆಯ ಹಿಡಿತವನ್ನು ತೋರಿಸಲು ಜಾಗವೇ ಇರುವುದಿಲ್ಲ. ಊಹೆಗೆ ಆಧಾರ ಚಿತ್ರದಲ್ಲೇ ಇರಬೇಕು. ಆಧಾರ ಬಲವಾಗಿದ್ದರೆ 'ಮಸ್ಟ್ ಬಿ', ಅನುಮಾನವಿದ್ದರೆ 'ಮೈಟ್ ಬಿ'. ಕೆಂಪು ಕಲ್ಲಿನ ಗೋಡೆ ತೊಯ್ದು ಅಂಗಳದಲ್ಲಿ ನೀರು ನಿಂತಿದ್ದರೆ 'ಇಟ್ ಮಸ್ಟ್ ಹ್ಯಾವ್ ರೇನ್ಡ್' ಎನ್ನಬಹುದು. ಅಲ್ಲಿ ಕುಳಿತವರು ಅತ್ತೆ ಸೊಸೆಯರೋ ಎಂಬುದಕ್ಕೆ 'ಮೈಟ್' ಸಾಕು.

ಇನ್ನು ಮೆಟ್ಟುಗತ್ತಿ. ಹೆಸರು ಹುಡುಕುತ್ತಾ ಸಮಯ ಕಳೆಯಬೇಡಿ, ಅದು ನೋಡಲು ಹೇಗಿದೆ ಎಂದು ಹೇಳಿ: 'ಎ ಬ್ಲೇಡ್ ಫಿಕ್ಸ್ಡ್ ಟು ಎ ಪೀಸ್ ಆಫ್ ವುಡ್'. ನೋಡುವವರಿಗೆ ಅಷ್ಟು ಸಾಕು. ಗದ್ದೆ ನಾಟಿಯ ಚಿತ್ರದಲ್ಲಿ ಗೊರಬು, ಅಂದರೆ ಮಳೆಗೆ ತಲೆಯ ಮೇಲಿಂದ ಹೊದೆಯುವ ಹೊದಿಕೆ, ಬಂದರೂ ಇದೇ ಉಪಾಯ.

ಉತ್ತರ: ಶಿವಮೊಗ್ಗದಲ್ಲಿ ಫೋಟೋ ಸ್ಟುಡಿಯೋ ನಡೆಸುವವರು

ಇಂಗ್ಲಿಷಿನ ಬಗ್ಗೆ ಮಾತನಾಡುವ ಅಧಿಕಾರ ನನಗಿಲ್ಲ. ಚಿತ್ರ ನೋಡುವ ಬಗ್ಗೆ ಒಂದು ಮಾತು. ತೆಗೆದವನು ನಿಮ್ಮ ಕಣ್ಣು ಮೊದಲು ಎಲ್ಲಿ ಬೀಳಬೇಕೆಂದು ಸಾಮಾನ್ಯವಾಗಿ ನಿರ್ಧರಿಸಿಯೇ ತೆಗೆದಿರುತ್ತಾನೆ. ಹೆಚ್ಚು ಬೆಳಕು ಎಲ್ಲಿದೆ, ಯಾವ ಮುಖ ಸ್ಪಷ್ಟವಾಗಿದೆ, ಯಾವುದು ಮಸುಕಾಗಿದೆ ಎಂದು ನೋಡಿಕೊಂಡರೆ ಮುಖ್ಯವಾದದ್ದು ತಿಳಿಯುತ್ತದೆ. ಸಕ್ರೆಬೈಲಿನಲ್ಲಿ ಆನೆಗೆ ಸ್ನಾನ ಮಾಡಿಸುವ ಚಿತ್ರ ತೆಗೆಯುವವರು ಕೆಲವರು ಆನೆಯ ಕಣ್ಣಿಗೆ ಫೋಕಸ್ ಇಡುತ್ತಾರೆ, ಕೆಲವರು ಮಾವುತರ ಕೈಗೆ. ಎರಡೂ ಚಿತ್ರಗಳಲ್ಲಿ ಅದೇ ಆನೆ, ಅದೇ ತುಂಗೆಯ ನೀರು ಇದ್ದರೂ ಹೇಳಬೇಕಾದ ಮೊದಲ ವಾಕ್ಯ ಒಂದೇ ಆಗಿರುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಫೋಟೋವನ್ನು ಮತ್ತೆ ನೋಡಿದಾಗ ಬೆಳಕು ನಮ್ಮ ದೊಡ್ಡಮ್ಮನ ಮುಖದ ಮೇಲಿದೆ, ಅವರು ನಗುತ್ತಿದ್ದಾರೆ ಎಂಬುದು ಗಮನಕ್ಕೆ ಬಂತು. ಹೊಸದಾಗಿ ಬರೆದಿದ್ದೇನೆ: 'ಎ ಗ್ರೂಪ್ ಆಫ್ ವಿಮೆನ್ ಆರ್ ಪೀಲಿಂಗ್ ಅರೆಕಾ ನಟ್ಸ್ ಅಟ್ ನೈಟ್. ದಿ ಓಲ್ಡೆಸ್ಟ್ ಒನ್ ಈಸ್ ಲಾಫಿಂಗ್, ಸೋ ಸಮ್‌ಒನ್ ಮೈಟ್ ಹ್ಯಾವ್ ಟೋಲ್ಡ್ ಎ ಜೋಕ್. ಶೀ ಈಸ್ ವೇರಿಂಗ್ ಎ ಶಾಲ್, ಸೋ ಇಟ್ ಮಸ್ಟ್ ಬಿ ಕೋಲ್ಡ್. ಬಿಹೈಂಡ್ ದೆಮ್, ಸ್ಟೀಮ್ ಈಸ್ ರೈಸಿಂಗ್ ಫ್ರಮ್ ದ ಪಾಟ್.' ಮೇಷ್ಟ್ರು ದಯವಿಟ್ಟು ತಿದ್ದಬೇಕು.

ಉತ್ತರ: ಸಾಗರದ ನಿವೃತ್ತ ಇಂಗ್ಲಿಷ್ ಉಪನ್ಯಾಸಕ

ಒಂದೇ ತಿದ್ದುಪಡಿ. ಹಂಡೆಯ ಸುದ್ದಿ ಅಲ್ಲಿಯವರೆಗೆ ಬಂದಿಲ್ಲವಾದ್ದರಿಂದ 'ದ ಪಾಟ್' ಆಗುವುದಿಲ್ಲ, 'ಎ ಲಾರ್ಜ್ ಪಾಟ್' ಆಗಬೇಕು. ಮುಂದಿನ ವಾಕ್ಯದಲ್ಲಿ ಮತ್ತೆ ಅದರ ಮಾತು ಬಂದರೆ ಆಗ 'ದ'. ಇನ್ನು ಗಡಿಯಾರ ಇಟ್ಟುಕೊಂಡು, ನಿಮ್ಮ ಮನೆಯದಲ್ಲದ ಬೇರೆ ಚಿತ್ರಗಳಿಗೆ 1 ನಿಮಿಷದೊಳಗೆ ಇದೇ ರೀತಿ ಬರೆದು ಇಲ್ಲಿಯೇ ಹಾಕಿ, ನೋಡುತ್ತೇನೆ.