ಹೆಪಟೈಟಿಸ್ ಇದ್ದವರು ಕಾಫಿ ಕುಡಿಯಬಹುದಾ? ನಿಮ್ಮ ಅನುಭವ ಹೇಳಿ

ಪ್ರಶ್ನೆ: ನನಗೆ ಹೆಪಟೈಟಿಸ್ ಬಿ ಇದೆ ಅಂತ ಗೊತ್ತಾಗಿ 3 ತಿಂಗಳಾಯಿತು. ಮಾತ್ರೆ ಶುರುವಾಗಿದೆ. ಲಿವರ್‌ಗೆ ಕೆಟ್ಟದ್ದು, ಕಾಫಿ ಬಿಟ್ಟುಬಿಡು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ನೀವೆಲ್ಲ ಏನು ಮಾಡಿದಿರಿ?

ಉತ್ತರ: ನನಗೂ ಬಿ ಇದೆ, 9 ವರ್ಷ ಆಯಿತು. ಮೊದಲ ವರ್ಷ ನಾನೂ ಹೆದರಿ ಕಾಫಿ ಬಿಟ್ಟಿದ್ದೆ. ಚೆಕಪ್‌ನಲ್ಲಿ ಕೇಳಿದಾಗ ಡಾಕ್ಟರು, ಬಿಡಬೇಕಾದ್ದು ಮದ್ಯ, ಕಾಫಿ ಅಲ್ಲ ಅಂದರು. ಯುರೋಪಿನ ಲಿವರ್ ತಜ್ಞರ ಸಂಘ 2018ರಲ್ಲಿ ಲಿವರ್ ಕ್ಯಾನ್ಸರ್ ಬಗ್ಗೆ ಕೊಟ್ಟ ಮಾರ್ಗಸೂಚಿಯಲ್ಲಿ, ಲಿವರ್ ಕಾಯಿಲೆ ಹಳೆಯದಾಗಿರುವವರಿಗೆ ಕಾಫಿ ಕುಡಿಯಲು ಪ್ರೋತ್ಸಾಹಿಸಿ ಅಂತಲೇ ಇದೆ. ಆದರೆ ಕಾಫಿ ವೈರಸ್ಸನ್ನು ಕೊಲ್ಲುವುದಿಲ್ಲ, ಅದು ಮಾತ್ರೆಯ ಕೆಲಸ. ದಯವಿಟ್ಟು ಒಂದು ದಿನವೂ ಮಾತ್ರೆ ತಪ್ಪಿಸಬೇಡಿ.

ನಿಮ್ಮ ಮಾತ್ರೆ ಎಂಟೆಕಾವಿರ್ ಆಗಿದ್ದರೆ ಇನ್ನೊಂದು ವಿಷಯ. ಅದನ್ನು ಖಾಲಿ ಹೊಟ್ಟೆಯಲ್ಲೇ ತೆಗೆದುಕೊಳ್ಳಬೇಕು, ಅಂದರೆ ಊಟ ಆಗಿ 2 ಗಂಟೆ ಕಳೆದಿರಬೇಕು, ಆಮೇಲೂ 2 ಗಂಟೆ ಏನೂ ತಿನ್ನಬಾರದು. ನಾನು ಬೆಳಿಗ್ಗೆ ಮಾತ್ರೆ ನುಂಗಿದ ಬೆನ್ನಿಗೇ ಹಾಲು ಹಾಕಿದ ಕಾಫಿ ಕುಡಿಯುತ್ತಿದ್ದೆ, ಯಾರೂ ಹೇಳಿರಲಿಲ್ಲ. ಈಗ ಮಾತ್ರೆ ರಾತ್ರಿ ಮಲಗುವ ಮುಂಚೆ, ಕಾಫಿ ಬೆಳಿಗ್ಗೆ. ಎರಡಕ್ಕೂ ಜಗಳವಿಲ್ಲ.

ಉತ್ತರ: ನನ್ನದು ಹೆಪಟೈಟಿಸ್ ಸಿ. 12 ವಾರದ ಮಾತ್ರೆಯಲ್ಲಿ ವಾಸಿಯಾಯಿತು, ಆದರೆ ಅಷ್ಟರಲ್ಲಿ ಲಿವರ್ ಸ್ವಲ್ಪ ಗಟ್ಟಿಯಾಗಿತ್ತು. ಅಮೆರಿಕದಲ್ಲಿ ಸಿ ವಾಸಿಯಾಗದೆ ಲಿವರ್ ತುಂಬಾ ಗಟ್ಟಿಯಾಗಿದ್ದವರನ್ನು ನೋಡಿ 2009ರಲ್ಲಿ ಒಂದು ಅಧ್ಯಯನ ಬಂದಿತ್ತು. ದಿನಕ್ಕೆ 3 ಕಪ್ ಅಥವಾ ಜಾಸ್ತಿ ಕಾಫಿ ಕುಡಿಯುವವರಲ್ಲಿ ಕಾಯಿಲೆ ಮುಂದುವರಿಯುವುದು ಸುಮಾರು ಅರ್ಧದಷ್ಟು ಕಡಿಮೆ ಇತ್ತಂತೆ. ಟೀಯಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಹಾಗಂತ ಕಾಫಿಯೇ ಕಾರಣ ಅಂತ ಇದರಿಂದ ಖಚಿತವಾಗಿ ಹೇಳೋಕೆ ಆಗಲ್ಲ, ಅಲ್ವಾ. ನಾನು 2 ಕಪ್ ಕುಡಿಯುತ್ತೇನೆ, ಸಕ್ಕರೆ ಪೂರ್ತಿ ಬಿಟ್ಟಿದ್ದೇನೆ. ಸೋಂಕಿನ ಮೇಲೆ ಲಿವರ್‌ನಲ್ಲಿ ಕೊಬ್ಬೂ ಸೇರಿದರೆ ಕಷ್ಟ.

ಉತ್ತರ: ಅಪ್ಪನಿಗೆ ಬಿ ಇಂದ ಸಿರೋಸಿಸ್ ಆಗಿದೆ, ಅಂದರೆ ಲಿವರ್ ಗಾಯದ ಕಲೆಗಳಿಂದ ಪೂರ್ತಿ ಗಟ್ಟಿಯಾಗಿದೆ, ಅವರನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಕೆಫೀನನ್ನು ಕರಗಿಸುವುದು ಲಿವರ್ರೇ. ಅದು ಸೋತಿದ್ದರೆ ಕೆಫೀನ್ ಮೈಯಲ್ಲಿ ತುಂಬಾ ಹೊತ್ತು ಉಳಿಯುತ್ತದೆ. ಅಪ್ಪನಿಗೆ ಸಂಜೆಯ ಒಂದು ಕಪ್ಪಿಗೇ ನಿದ್ದೆ ಹೋಗುತ್ತಿತ್ತು, ಈಗ ಬೆಳಿಗ್ಗೆ ಮಾತ್ರ ಕೊಡುತ್ತೇನೆ. ನಿಮ್ಮದು ಆ ಹಂತ ಅಲ್ಲದಿರಬಹುದು, ಆದರೂ ಸಿರೋಸಿಸ್ ಇರುವವರು ಓದುತ್ತಿದ್ದರೆ ಕೇಳಿ: ಹಗಲೆಲ್ಲ ತೂಕಡಿಕೆ, ರಾತ್ರಿ ಎಚ್ಚರ, ಮಾತು ಗೊಂದಲ ಅಂತ ಶುರುವಾದರೆ ಕಾಫಿಯಿಂದ ಇರಬೇಕು ಅಂದುಕೊಂಡು ಕೂರಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ.