ವೈಫೈ ರಿಪೀಟರ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮಲೆನಾಡಿನ ಹಳ್ಳಿಮನೆಗಳಿಗೂ ಈಗ ಫೈಬರ್ ಇಂಟರ್ನೆಟ್ ಬರುತ್ತಿದೆ. ಅಲ್ಲಿನವರಿಗಾಗಿ ವೈಫೈ ಬಗ್ಗೆ ಚಿಕ್ಕದೊಂದು ಕೈಪಿಡಿ ಬರೆಯುತ್ತಿದ್ದೇನೆ. ರಿಪೀಟರ್ ಅನ್ನುವ ಪದಕ್ಕೆ ನಿಮ್ಮ ನೆರವು ಬೇಕು.

ಅಲ್ಲಿನ ಹಳೇ ಮನೆಗಳು ಗೊತ್ತಲ್ವಾ? ದಪ್ಪ ಮಣ್ಣಿನ ಗೋಡೆಗಳು. ಜಗಲಿಯಲ್ಲಿ ರೂಟರ್ ಇಟ್ಟರೆ ಹಿಂದಿನ ಕೋಣೆಯಲ್ಲಿ ನೆಟ್ ಹಿಡಿಯುವುದಿಲ್ಲ. ವೈಫೈ ಅಲೆಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಲ್ಲಿ ಬರುತ್ತವೆ, 5 ಗಿಗಾಹರ್ಟ್ಸ್ ಆದರಂತೂ ಗೋಡೆ ದಾಟುವುದು ಇನ್ನೂ ಕಷ್ಟ. ಆಗ ಒಂದು ರಿಪೀಟರ್ ತರುತ್ತಾರೆ. ರೂಟರ್ ಕಳಿಸಿದ್ದನ್ನು ಅದು ಹಿಡಿದು, ಮತ್ತೆ ಮುಂದಕ್ಕೆ ಕಳಿಸುತ್ತದೆ.

ಅಂಗಡಿಗಳಲ್ಲಿ ಇದಕ್ಕೆ ಬೂಸ್ಟರ್ ಅನ್ನುವುದೇ ಜಾಸ್ತಿ. ಡಬ್ಬದ ಮೇಲೆ ಎಕ್ಸ್‌ಟೆಂಡರ್ ಅಂತಲೂ ಇರುತ್ತದೆ. ಬೂಸ್ಟರ್ ಅಂದರೆ ಇಲ್ಲದ ಕಡೆಯೂ ಬಲ ತುಂಬುವಂಥದ್ದು ಅನ್ನಿಸುತ್ತದೆ. ಹಾಗಾಗಿ ಸಿಗ್ನಲ್ಲೇ ಇಲ್ಲದ ಕೋಣೆಗೆ ಒಯ್ದು ಸಿಕ್ಕಿಸುತ್ತಾರೆ. ಅಲ್ಲಿ ಅದಕ್ಕೇ ಏನೂ ಸಿಗದಿದ್ದರೆ ಕೊಡುವುದು ಏನನ್ನು? ಅದನ್ನು ಇಡಬೇಕಾದ್ದು ನಡುದಾರಿಯಲ್ಲಿ, ಸಿಗ್ನಲ್ ಇನ್ನೂ ಚೆನ್ನಾಗಿರುವ ಕಡೆ. ಈ ತಿಳಿವಳಿಕೆ ಹೆಸರಿನಲ್ಲೇ ಬರಬೇಕು ಅನ್ನುವುದು ನನ್ನ ಆಸೆ.

ಪುನರಾವರ್ತಕ ಅನ್ನಬಹುದು. ಆದರೆ ಪುನರಾವರ್ತನೆ ಅಂದಾಕ್ಷಣ ನೆನಪಾಗುವುದು ಪಾಠ, ಪರೀಕ್ಷೆ. ಪಿಯುಸಿ ಮತ್ತೆ ಬರೆಯುವವರನ್ನು ಪುನರಾವರ್ತಿತ ವಿದ್ಯಾರ್ಥಿಗಳು ಅನ್ನುತ್ತಾರಲ್ಲ. ಹೇಳಿದ್ದನ್ನೇ ಹೇಳುವುದು ಅದರಲ್ಲಿದೆ, ಮುಂದಕ್ಕೆ ಸಾಗಿಸುವುದು ಇಲ್ಲ.

ಮರುಪ್ರಸಾರಕ ಇದಕ್ಕಿಂತ ಹತ್ತಿರದ್ದು. ದೂರದರ್ಶನದ ಮರುಪ್ರಸಾರ ಕೇಂದ್ರಗಳು ಮಾಡುತ್ತಿದ್ದದ್ದು ಹೆಚ್ಚುಕಡಿಮೆ ಇದೇ ಕೆಲಸ. ದೂರದಿಂದ ಬಂದ ಕಾರ್ಯಕ್ರಮವನ್ನು ಹಿಡಿದು, ಅದೇ ಹೊತ್ತಿಗೆ ಸುತ್ತಲಿನ ಊರುಗಳಿಗೆ ಕೊಡುತ್ತಿದ್ದವು. ಆದರೆ ಇವತ್ತು ಮರುಪ್ರಸಾರ ಅಂದರೆ ರಾತ್ರಿಯ ಧಾರಾವಾಹಿಯನ್ನು ಮಾರನೇ ದಿನ ಮತ್ತೆ ತೋರಿಸುವುದು. ಈ ಅರ್ಥ ಗಟ್ಟಿಯಾಗಿ ಕೂತುಬಿಟ್ಟಿದೆ. ಮಾರ್ದನಿ ಕೇಳಲು ಚೆಂದ. ಆದರೆ ಅದು ಬಂದ ಕಡೆಗೇ ತಿರುಗುತ್ತದೆ.

ನನ್ನ ಮನಸ್ಸು ವಾಲಿರುವುದು ದಾಟಿಸು ಅನ್ನುವ ಪದದ ಕಡೆಗೆ. ತಾರಸಿ ಹಾಕುವಾಗ ಸಾಲಾಗಿ ನಿಂತು ಕಾಂಕ್ರೀಟ್ ಬಾಣಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ರಿಪೀಟರ್ ಆ ಸಾಲಿನಲ್ಲಿ ನಿಂತ ಒಬ್ಬ ಆಳು. ಹಿಂದಿನವರ ಕೈ ಎಟುಕುವಷ್ಟು ಹತ್ತಿರದಲ್ಲೇ ಅವನು ನಿಲ್ಲಬೇಕು. ತೆಗೆದುಕೊಳ್ಳುವ ಹೊತ್ತಿನಲ್ಲಿ ಕೊಡಲು ಅವನಿಂದ ಆಗದು. ಒಂದೇ ರೇಡಿಯೊ (ಅಲೆಗಳನ್ನು ಹಿಡಿದು ಕಳಿಸುವ ಭಾಗ) ಇರುವ ರಿಪೀಟರ್‌ನಲ್ಲಿ ವೇಗ ಸುಮಾರು ಅರ್ಧಕ್ಕೆ ಇಳಿಯುವುದೂ ಇದಕ್ಕೇ. ಒಂದೇ ಚಾನೆಲ್‌ನಲ್ಲಿ ಸರದಿಯಂತೆ ತೆಗೆದುಕೊಳ್ಳಬೇಕು, ಕೊಡಬೇಕು. ರೂಟರ್ ಜೊತೆ 5 ಗಿಗಾಹರ್ಟ್ಸ್‌ನಲ್ಲಿ, ಫೋನ್ ಜೊತೆ 2.4ರಲ್ಲಿ ಮಾತಾಡಬಲ್ಲ ಎರಡು ರೇಡಿಯೊದ ಪೆಟ್ಟಿಗೆಗಳಲ್ಲಿ ಈ ತೊಂದರೆ ಕಡಿಮೆ. ಜನ ದುಡ್ಡು ಕೊಟ್ಟ ಮೇಲೆ ವೇಗ ಯಾಕೆ ಇಳಿಯಿತು ಅಂತ ಕೇಳುವುದು ಸಹಜ. ದಾಟಿಸು ಅಂದರೆ ಉತ್ತರ ಹೇಳುವುದು ಸುಲಭ.

ಆದರೆ ಹೆಸರುಪದ ಮಾಡುವುದು ಹೇಗೆ? ದಾಟಿಸುಗ ಅಂದರೆ ಓದುಗ, ಕೇಳುಗ ಇದ್ದ ಹಾಗೆ ಮನುಷ್ಯರನ್ನು ಕರೆದಂತೆ ಕೇಳಿಸುತ್ತದೆ. ದಾಟುಪೆಟ್ಟಿಗೆ ನನಗೆ ಹಿಡಿಸಿದೆ, ನಿಮಗೆ? ಅಥವಾ ರಿಪೀಟರ್ ಅಂತಲೇ ಉಳಿಸಿಕೊಂಡು, ವಿವರಣೆಯಲ್ಲಿ ಮಾತ್ರ ದಾಟಿಸು ಬಳಸಿದರೆ ಸಾಕಾ?

ಇನ್ನೆರಡು ಪದಗಳೂ ಇವೆ. ರೇಂಜ್‌ಗೆ ವ್ಯಾಪ್ತಿ ಬಳಕೆಯಲ್ಲಿದೆ. ನನಗೆ ಎಟುಕು ಇಷ್ಟ. ‘ಈ ರೂಟರಿನ ಎಟುಕು ಅಡುಗೆಮನೆವರೆಗೆ’ ಅಂದರೆ ನಿಮ್ಮ ಕಡೆ ಅರ್ಥವಾಗುತ್ತದೆಯೇ? ಮೆಶ್ ಅಂದರೆ ಹಲವು ವೈಫೈ ಪೆಟ್ಟಿಗೆಗಳು ಕೂಡಿ ಮನೆಗೆಲ್ಲ ಒಂದೇ ವೈಫೈ ಕೊಡುವ ಏರ್ಪಾಡು. ಅದಕ್ಕೆ ಜಾಲ ಅನ್ನಲು ಬರುವುದಿಲ್ಲ, ನೆಟ್‌ವರ್ಕ್ ಆಗಲೇ ಅದನ್ನು ತೆಗೆದುಕೊಂಡಿದೆ. ಬಲೆ ಅಥವಾ ಹೆಣಿಗೆ ಅಂದರೆ ಹೇಗೆ?

ಕರಾವಳಿ ಮತ್ತು ಉತ್ತರ ಕರ್ನಾಟಕದವರು ದಯವಿಟ್ಟು ಬರೆಯಿರಿ. ಹೀಗೆ ಕೈಯಿಂದ ಕೈಗೆ ಸಾಗಿಸುವುದಕ್ಕೆ ನಿಮ್ಮಲ್ಲಿ ಬೇರೆ ಮಾತಿದ್ದರೆ ಕೈಪಿಡಿಯಲ್ಲಿ ಅದನ್ನೂ ಸೇರಿಸುತ್ತೇನೆ.